ಒಂದು ಗಂಟೆಯ ಚಪ್ಪಡಿ

ನಮ್ಮೂರಿನ ಗಡಿಯಾರಕ್ಕೆ ತೂಕ ನಾನು. ಹಾಗೆಂದರೆ ಹೊರಗಿನವರು ತಮಾಷೆ ಎಂದುಕೊಳ್ಳುತ್ತಾರೆ. ತಮಾಷೆಯಲ್ಲ, ಅದು ನನ್ನ ಉದ್ಯೋಗ. ಪೇಟೆಯ ನಡುವೆ ಗಡಿಯಾರದ ಗೋಪುರವಿದೆ. ಅದರೊಳಗೆ ನಡುವೆ ಬಾವಿಯ ಹಾಗೆ ಖಾಲಿ, ಗೋಡೆಗೆ ಅಂಟಿಕೊಂಡು ಸುತ್ತಿ ಸುತ್ತಿ ಏರುವ ಮೆಟ್ಟಿಲು. ತುದಿಯಲ್ಲಿ ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ, ಹಗ್ಗಕ್ಕೆ ಕಟ್ಟಿದ ಹಲಸಿನ ಹಲಗೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ಆ ಹಲಗೆಯ ಮೇಲೆ ನಾನು ಕೂತರೆ ಗಡಿಯಾರ ನಡೆಯಲು ಶುರು. ನನ್ನ ಭಾರಕ್ಕೆ ಹಗ್ಗ ಬಿಚ್ಚಿಕೊಳ್ಳುತ್ತ, ಇರುವೆಗೂ ಬೇಸರವಾಗುವಷ್ಟು ನಿಧಾನವಾಗಿ ಇಳಿಯುತ್ತ, ಸಂಜೆ ಆರಕ್ಕೆ ಸರಿಯಾಗಿ ನೆಲ ಮುಟ್ಟುತ್ತೇನೆ. ರಾತ್ರಿಗೆ ನಮ್ಮೂರಲ್ಲಿ ಗಂಟೆಯಿಲ್ಲ. ಮಲಗಿದವರಿಗೆ ಎಷ್ಟಾದರೇನು?

ಕಲ್ಲು ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಕಟ್ಟಿ ನೋಡಿಯಾಗಿದೆ. ಕಲ್ಲಿಗೆ ಗಡಿಯಾರ ಅಲುಗುವುದಿಲ್ಲ. ನಮ್ಮ ತಾತನಿಗೆ ಒಮ್ಮೆ ಜ್ವರ ಬಂದಾಗ ಎರಡು ಟಗರು ಕೂರಿಸಿದ್ದರಂತೆ. ಆ ದಿನ ಮುಳ್ಳುಗಳು ಹಿಂದಕ್ಕೆ ಓಡಿ, ಊರವರು ಮಧ್ಯಾಹ್ನದ ಊಟವಾದ ಮೇಲೆ ಮತ್ತೆ ಬೆಳಗಿನ ತಿಂಡಿ ತಿನ್ನಬೇಕಾಯಿತಂತೆ. ಅದಕ್ಕೆ ಮನುಷ್ಯನೇ ಬೇಕು, ಅದೂ ಉಸಿರಾಡುವ ಮನುಷ್ಯ. ತೂಕ ನೂರಿಪ್ಪತ್ನಾಲ್ಕು ಕೆಜಿ ಇರಬೇಕು. ಮುತ್ತಾತನ ಕಾಲದಿಂದ ಆ ತೂಕ ನಮ್ಮ ಮನೆಯಲ್ಲೇ ಉಳಿದುಬಂದಿದೆ. ನನ್ನ ಹೆಸರು ಸಣ್ಣವೀರಪ್ಪ. ತಾತ ದೊಡ್ಡವೀರಪ್ಪ ಆಗಿದ್ದರಿಂದ ನಾನು ಸಣ್ಣವೀರಪ್ಪ, ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ಈ ತೂಕವನ್ನು ಸಾಕುವುದು ಊರಿನ ಹೊಣೆ. ದಿನಕ್ಕೊಂದು ಮನೆಯ ಸರದಿ. ಇಳಿಯುವ ದಾರಿಯಲ್ಲಿ ಗಂಟೆಗೊಂದರಂತೆ ಮೆಟ್ಟಿಲಿನಿಂದ ಮುಂದಕ್ಕೆ ಚಾಚಿದ ಕಲ್ಲುಚಪ್ಪಡಿಗಳಿವೆ. ಎಂಟು ಗಂಟೆಯ ಚಪ್ಪಡಿಯ ಮೇಲೆ ತಿಂಡಿ ಇಟ್ಟಿರುತ್ತಾರೆ, ಒಂದು ಗಂಟೆಯದರ ಮೇಲೆ ಊಟ, ನಾಲ್ಕರ ಮೇಲೆ ಚಕ್ಕುಲಿ ಕೋಡುಬಳೆ. ನಾನು ಇಳಿದು ಚಪ್ಪಡಿಗೆ ಸಮವಾದಾಗ ಮೇಲೆ ಗಂಟೆ ಹೊಡೆಯುತ್ತದೆ. ಆಗ ನಾನೂ ತಿನ್ನುತ್ತೇನೆ, ಊರೂ ತಿನ್ನುತ್ತದೆ. ಗಂಟೆ ಹೊಡೆಯುವ ಮೊದಲು ಬಾಯಿಗೆ ಅನ್ನ ಇಟ್ಟವರು ನಮ್ಮೂರಲ್ಲಿಲ್ಲ. ಹಸುಗೂಸಿಗೆ ಮಾತ್ರ ರಿಯಾಯಿತಿ. ಬೇರೆ ದೇಹಬಾಧೆಗಳಿಗೆ ಹಲಗೆಯ ಮೇಲೆ ಏನು ಮಾಡುತ್ತೀರಿ ಎಂದು ಕೇಳಬೇಡಿ, ಮುತ್ತಾತ ಅದಕ್ಕೂ ಏರ್ಪಾಡು ಮಾಡಿಟ್ಟಿದ್ದಾನೆ.

ನನ್ನ ಹೆಂಡತಿ ಮಲ್ಲಾಜಮ್ಮ ನಲವತ್ತನಾಲ್ಕು ಕೆಜಿಯ ಹೆಂಗಸು. ಮದುವೆಯಾಗಿ ಇಪ್ಪತ್ತಾರು ವರ್ಷ. ಊರಿಗೆಲ್ಲ ಊಟದ ಹೊತ್ತು ಹೇಳುವ ಗಂಡನ ಜೊತೆ ಒಂದು ದಿನವೂ ಮಧ್ಯಾಹ್ನದ ಊಟ ಮಾಡಿಲ್ಲವಲ್ಲ ಎಂದು ವರ್ಷಕ್ಕೊಂದು ಸಲ ಅನ್ನುತ್ತಿದ್ದಳು. ನಾನು ಹೂಂಗುಟ್ಟಿ ಮೆಟ್ಟಿಲು ಹತ್ತುತ್ತಿದ್ದೆ. ಉದ್ಯೋಗವೆಂದರೆ ಉದ್ಯೋಗ.

ಹೋದ ವರ್ಷದ ಯುಗಾದಿಯ ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ನಲವತ್ತನೆಯದರಲ್ಲಿ ಎದೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಕೂತೆ. ಬೆವರು ಇಳಿಯಿತು. ಆ ದಿನ ಆರು ಗಂಟೆ ಹೇಗೋ ತಡವಾಗಿ ಶುರುವಾಯಿತು, ಯಾರಿಗೂ ತಿಳಿಯಲಿಲ್ಲ. ಮಲ್ಲಾಜಮ್ಮನಿಗೆ ಮಾತ್ರ ನನ್ನ ಮುಖ ನೋಡಿಯೇ ತಿಳಿಯಿತು. ಸಂಜೆ ನೆಲ ಮುಟ್ಟಿದ ಕೂಡಲೇ ಕೈ ಹಿಡಿದು ಡಾಕ್ಟರ್ ವಾರಿಜಾ ಅವರ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಊರಿಗೆ ಹೊಸಬರು. ನನ್ನ ಕೆಲಸವೇನೆಂದು ಕೇಳಿದರು. ಕೂತು ಮಾಡುವ ಕೆಲಸ ಎಂದೆ. ಅದು ಸುಳ್ಳೇನಲ್ಲ. ಸಕ್ಕರೆ ನೋಡಿದರು, ರಕ್ತದೊತ್ತಡ ನೋಡಿದರು, ಮಂಡಿ ಅಲ್ಲಾಡಿಸಿದರು. ನಲವತ್ತು ಕೆಜಿ ಇಳಿಸಬೇಕು, ದಿನಕ್ಕೆ ಸಾವಿರದಿನ್ನೂರು ಕ್ಯಾಲೊರಿಗಿಂತ ಹೆಚ್ಚು ಕೂಡದು ಎಂದರು. ಇಳಿಸದಿದ್ದರೆ ಎಂದು ನಾನು ಕೇಳಿದೆ. ಅವರು ಮಲ್ಲಾಜಮ್ಮನ ಕಡೆ ನೋಡಿದರು.

ನಮ್ಮಪ್ಪ ತೀರಿಕೊಂಡದ್ದು ಹಲಗೆಯ ಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ, ಮಧ್ಯಾಹ್ನ ಮೂರು ಹತ್ತಕ್ಕೆ. ಎಷ್ಟು ಹೊತ್ತಾದರೂ ನಾಲ್ಕು ಬಾರದ್ದರಿಂದಲೇ ಊರಿಗೆ ಗೊತ್ತಾಯಿತು. ಪುಣ್ಯಾತ್ಮ, ಎಲ್ಲರ ಊಟ ಮುಗಿಸಿಯೇ ಹೋದ ಎಂದು ಜನ ಈಗಲೂ ಹೊಗಳುತ್ತಾರೆ. ದವಾಖಾನೆಗೆ ಹೋದ ಆ ದಿನಕ್ಕೆ ನನಗೂ ಐವತ್ತು ತುಂಬಿತ್ತು. ದವಾಖಾನೆಯಿಂದ ಬರುವಾಗ ನಾನು ಗಡಿಯಾರದ ಮಾತೆತ್ತಿದೆ. ನಾಲ್ಕು ತಲೆಮಾರಿನ ಕೆಲಸ, ತೂಕ ಇಳಿದರೆ ಗಡಿಯಾರದ ಗತಿಯೇನು ಎಂದೆ.

"ನಂಗೆ ಗಡಿಯಾರ ಬ್ಯಾಡ ಕಣ್ರೀ, ಗಂಡ ಬೇಕು" ಅಂದಳು.

ಹೀಗೆ ನನ್ನ ಪಥ್ಯ ಶುರುವಾಯಿತು. ಬೆಳಿಗ್ಗೆ ಒಂದು ಇಡ್ಲಿ. ಮಧ್ಯಾಹ್ನ ಅರ್ಧ ರಾಗಿಮುದ್ದೆ, ಒಂದು ಬಟ್ಟಲು ಸೊಪ್ಪಿನ ಸಾರು, ನೀರು ಮಜ್ಜಿಗೆ. ನಾಲ್ಕಕ್ಕೆ ಸೌತೆಕಾಯಿ. ರಾತ್ರಿ ಮತ್ತೆ ಅರ್ಧ ಮುದ್ದೆ. ಹದಿನಾರು ಇಡ್ಲಿಯಿಂದ ಒಂದಕ್ಕೆ ಇಳಿದವನ ಸಂಕಟ ಒಂದೇ ಇಡ್ಲಿ ತಿಂದು ಬೆಳೆದವರಿಗೆ ತಿಳಿಯುವುದಿಲ್ಲ. ಮೊದಲ ವಾರ ಹೊಟ್ಟೆ ಹಾಕಿದ ತಾಳಕ್ಕೆ ಗೋಪುರದೊಳಗಿನ ಪಾರಿವಾಳಗಳು ಬೆದರಿ ಹಾರಿದವು. ಹಸಿವು ಒಂದೇ ಸಮ ಇರುವುದಿಲ್ಲ ಎಂದು ನಾನು ಕಲಿತದ್ದೇ ಆಗ. ಹತ್ತೂವರೆಗೆ ಅದು ಬರುತ್ತದೆ, ಹಟ ಮಾಡುತ್ತದೆ, ಒಂದು ಚೊಂಬು ನೀರು ಕುಡಿದು ಬೇರೆ ಕಡೆ ನೋಡುತ್ತ ಕೂತರೆ ಬೇಸತ್ತು ಹೋಗುತ್ತದೆ. ಹನ್ನೊಂದೂಕಾಲಕ್ಕೆ ನೆಂಟರನ್ನೂ ಕರೆದುಕೊಂಡು ಬರುತ್ತದೆ.

ಮಲ್ಲಾಜಮ್ಮ ಉಪಾಯ ಹೇಳಿಕೊಟ್ಟಳು. ಕೈ ಖಾಲಿಯಿದ್ದರೆ ಬಾಯಿ ಕೇಳುತ್ತದೆ ಎಂದು ಒಂದು ಬುಟ್ಟಿ ಹತ್ತಿ ಕೊಟ್ಟು ಬತ್ತಿ ಹೊಸೆಯಲು ಕೂರಿಸಿದಳು. ಹಸಿವಾದಾಗ ನೂರು ಬತ್ತಿ, ತುಂಬ ಹಸಿವಾದಾಗ ಇನ್ನೂರು. ಬಾಯಿಗೊಂದು ಲವಂಗ. ಮೂರು ತಿಂಗಳಲ್ಲಿ ಊರಿನ ಎಲ್ಲ ಗುಡಿಗಳ ದೀಪಕ್ಕೆ ಮುಂದಿನ ಐದು ವರ್ಷಕ್ಕಾಗುವಷ್ಟು ಬತ್ತಿ ಹೊಸೆದೆ. ಸಣ್ಣವೀರಪ್ಪನಿಗೆ ಈ ವಯಸ್ಸಿನಲ್ಲಿ ಭಕ್ತಿ ಹುಟ್ಟಿತಲ್ಲ ಎಂದು ಪೂಜಾರಿಗಳು ಸಂತೋಷಪಟ್ಟರು.

ಕಷ್ಟದ ಜಾಗವೆಂದರೆ ಒಂದು ಗಂಟೆಯ ಚಪ್ಪಡಿ. ಸರದಿ ಮನೆಯವರು ಹನ್ನೆರಡಕ್ಕೇ ಊಟ ತಂದಿಟ್ಟು ಹೋಗುತ್ತಿದ್ದರು. ಮೇಲಿನಿಂದ ನೋಡಿದರೆ ಎಲ್ಲ ಕಾಣುತ್ತಿತ್ತು. ಹೋಳಿಗೆಯ ಮೇಲೆ ತುಪ್ಪ ಹರಡುವುದು, ಚಿತ್ರಾನ್ನದ ಕಡಲೆಬೀಜ, ಎಣ್ಣೆಗಾಯಿಯ ಹೊಳಪು. ವಾಸನೆಗೆ ಮೆಟ್ಟಿಲು ಬೇಕಿಲ್ಲ, ನೇರ ಮೇಲೆ ಬರುತ್ತಿತ್ತು. ನಾನು ಇಂಚು ಇಂಚಾಗಿ ಅದರ ಕಡೆಗೆ ಇಳಿಯಬೇಕು, ಇಳಿದು ಅದನ್ನು ಮುಟ್ಟದೆ, ಪಕ್ಕದಲ್ಲಿ ಮಲ್ಲಾಜಮ್ಮ ಇಟ್ಟ ಅರ್ಧ ಮುದ್ದೆ ತಿನ್ನಬೇಕು. ಆದರೆ ತಟ್ಟೆ ಹಾಗೇ ಬಿಟ್ಟರೆ ಸರದಿ ಮನೆಗೆ ಅವಮಾನ. ಆದ್ದರಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಐದು ಗಂಟೆ ಕಾಲ ಅದರ ಜೊತೆ ಪ್ರಯಾಣ ಮಾಡಿ, ಸಂಜೆ ಗೋಪುರದ ಹಿಂದಿನ ಬೀಡಾಡಿ ಹಸುವಿಗೆ ಕೊಡುತ್ತಿದ್ದೆ. ಹಸು ತಟ್ಟೆಯನ್ನು ಬೆಳಗಿಟ್ಟ ಹಾಗೆ ನೆಕ್ಕಿ ಕೊಡುತ್ತಿತ್ತು. ನಮ್ಮ ಮನೆ ಅಡುಗೆ ವೀರಪ್ಪನಿಗೆ ಎಷ್ಟು ಹಿಡಿಸಿದೆ ನೋಡಿ ಎಂದು ಹೆಂಗಸರು ಒಬ್ಬರಿಗೊಬ್ಬರು ತಟ್ಟೆ ತೋರಿಸಿಕೊಂಡರು. ಹಸು ಗೋಪುರದ ಬಾಗಿಲಲ್ಲಿ ಹಿಡಿಸದಂತೆ ಬೆಳೆಯಿತು.

ಆಷಾಢದ ಹೊತ್ತಿಗೆ ಹದಿನಾಲ್ಕು ಕೆಜಿ ಹೋಗಿತ್ತು. ಉಸಿರು ಸಲೀಸಾಯಿತು. ನಲವತ್ತನೇ ಮೆಟ್ಟಿಲನ್ನು ನಿಲ್ಲದೆ ದಾಟಿದ ದಿನ ನಾನು ಮೇಲೆ ಕೂತು ಒಬ್ಬನೇ ನಕ್ಕಿದ್ದೇನೆ. ಆದರೆ ಹಲಗೆ ನಿಧಾನವಾಗುತ್ತಿತ್ತು. ಹತ್ತರಿಂದ ಹನ್ನೊಂದಕ್ಕೆ ಮೊದಲು ಮುನ್ನೂರು ಬತ್ತಿ ಆಗುತ್ತಿದ್ದದ್ದು ಈಗ ಮುನ್ನೂರಾ ಅರವತ್ತಾಗುತ್ತಿತ್ತು. ನಾನು ಕಡಿಮೆ ತಿಂದಷ್ಟೂ ಹಗುರಾದೆ, ಹಗುರಾದಷ್ಟೂ ಊಟದ ಹೊತ್ತು ದೂರ ಹೋಯಿತು. ಇಂಥ ಪಥ್ಯ ಯಾವ ಡಾಕ್ಟರೂ ಯಾರಿಗೂ ಬರೆದುಕೊಟ್ಟಿರಲಾರರು.

ನಾನೊಬ್ಬನೇ ಕಾದಿದ್ದರೆ ಚಿಂತೆಯಿರಲಿಲ್ಲ. ಊರೆಲ್ಲ ಕಾಯುತ್ತಿತ್ತು. ಗಡಿಯಾರ ತಪ್ಪುತ್ತದೆ ಎನ್ನುವುದು ನಮ್ಮೂರಲ್ಲಿ ಯಾರ ತಲೆಗೂ ಬರುವ ಯೋಚನೆಯಲ್ಲ. ಒಂದು ಗಂಟೆಗೆ ಮೊದಲೇ ಹಸಿವಾಗುತ್ತಿದೆ ಎಂದರೆ ತಪ್ಪು ಹೊಟ್ಟೆಯದು. ಮೊದಲು ಶಾಲೆಯ ಮೇಷ್ಟರು, ಆಮೇಲೆ ಅಂಗಡಿಯವರು, ಆಮೇಲೆ ಊರಿಗೆ ಊರೇ ಡಾಕ್ಟರ್ ವಾರಿಜಾ ಅವರ ಬಾಗಿಲಲ್ಲಿ ಸಾಲು ನಿಂತಿತು. ಎಲ್ಲರದೂ ಒಂದೇ ದೂರು, ಹನ್ನೊಂದಕ್ಕೇ ಕಣ್ಣು ಕತ್ತಲೆ ಬರುತ್ತದೆ. ಡಾಕ್ಟರಮ್ಮ ಯೋಚಿಸಿ ನೋಡಿ, ಇದು ಹೊಟ್ಟೆಹುಳ ಎಂದು ತೀರ್ಮಾನಿಸಿ ಇಡೀ ಊರಿಗೆ ಹುಳದ ಮಾತ್ರೆ ಹಂಚಿದರು. ಹುಳ ಬೀಳಲಿಲ್ಲ. ಎರಡನೇ ಸಲ ಹಂಚಿದರು. ಅವರ ಕೈಗಡಿಯಾರವೂ ದಿನಾ ಮುಂದೆ ಓಡುತ್ತಿತ್ತಂತೆ, ಅದನ್ನು ಎರಡು ಸಲ ರಿಪೇರಿಗೆ ಕೊಟ್ಟು ನಮ್ಮ ಗೋಪುರಕ್ಕೆ ಸರಿಮಾಡಿಸಿಕೊಂಡರು.

ಕಾರ್ತಿಕದಲ್ಲಿ ಐದು ಗಂಟೆ ಹೊಡೆಯುವ ಮೊದಲೇ ಕತ್ತಲಾಗತೊಡಗಿತು. ಈಚೆಗೆ ಸೂರ್ಯನಿಗೆ ಅವಸರ ಜಾಸ್ತಿಯಾಗಿದೆ ಎಂದು ಜನ ಮಾತಾಡಿಕೊಂಡರು. ಗೋಪುರದ ಆಡಳಿತ ನೋಡುವ ಯಜಮಾನ ಗುರುಸಿದ್ದಪ್ಪನವರು ಸಭೆ ಕರೆದು ಸೂರ್ಯನ ಬಗ್ಗೆ ಖೇದ ವ್ಯಕ್ತಪಡಿಸಿದರು. ನಾನೂ ಸಭೆಯಲ್ಲಿದ್ದೆ, ಎರಡು ಅಂಗಿ, ಅದರ ಮೇಲೊಂದು ಕೋಟು, ಮೇಲೆ ಶಾಲು ಹೊದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಹೇಳಿಬಿಡೋಣ ಎಂದು ಎರಡು ಸಲ ಏಳಹೋದೆ. ಹೇಳಿದರೆ ಅವರು ಪ್ರೀತಿಯಿಂದಲೇ ನನ್ನನ್ನು ಮತ್ತೆ ನೂರಿಪ್ಪತ್ನಾಲ್ಕಕ್ಕೆ ತಂದು ನಿಲ್ಲಿಸುತ್ತಾರೆ, ಆಮೇಲೆ ಒಂದು ದಿನ ಮೂರು ಹತ್ತಕ್ಕೆ ಪುಣ್ಯಾತ್ಮ ಅನ್ನುತ್ತಾರೆ. ನನಗೆ ಬದುಕಬೇಕಿತ್ತು. ಅದನ್ನು ಹೇಳಿಕೊಳ್ಳಲು ಈಗಲೂ ಸ್ವಲ್ಪ ಸಂಕೋಚ.

ಮಾಘದಲ್ಲಿ ಯಜಮಾನರ ಮಗಳ ಮದುವೆ ಬಂತು. ಗಂಡಿನ ಕಡೆಯವರು ಹೊರಗಿನವರು, ಎಲ್ಲರ ಕೈಯಲ್ಲೂ ಗಡಿಯಾರ. ಧಾರೆ ಮುಗಿಯಿತು, ಎಲೆ ಹಾಕಿದರು, ಬಡಿಸಲು ಗಂಟೆ ಹೊಡೆಯಲಿಲ್ಲ. ಬೀಗರು ತಮ್ಮ ಗಡಿಯಾರ ತೋರಿಸಿದರು. ನಮ್ಮವರು ನಿಮ್ಮದು ಮುಂದಿದೆ ಎಂದರು. ಇನ್ನೊಂದು ಗಂಟೆ ಕಳೆಯಿತು. ಬರೀ ಎಲೆಯ ಮುಂದೆ ನಮ್ಮನ್ನು ಕೂರಿಸಿ ಅವಮಾನ ಮಾಡುತ್ತಿದ್ದೀರಿ, ಹುಡುಗನನ್ನು ಎಬ್ಬಿಸಿಕೊಂಡು ಹೋಗುತ್ತೇವೆ ಎಂದು ಗಂಡಿನ ಸೋದರಮಾವ ಎದ್ದು ನಿಂತರಂತೆ. ಇದೆಲ್ಲ ನನಗೆ ಮೇಲಿನಿಂದ ಗದ್ದಲವಾಗಿ ಮಾತ್ರ ಕೇಳಿಸುತ್ತಿತ್ತು. ಆ ದಿನದ ಸರದಿಯೂ ಮದುವೆಮನೆಯದೇ. ಒಂದು ಗಂಟೆಯ ಚಪ್ಪಡಿಯ ಮೇಲೆ ಹೋಳಿಗೆಯ ಗೋಪುರವೇ ನಿಂತಿತ್ತು. ನನಗೂ ಅದಕ್ಕೂ ನಡುವೆ ಒಂದು ಮೊಳ.

ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಜರಿಪೇಟ ಒಂದು ಕಡೆ ವಾಲಿತ್ತು. ಗೋಪುರದೊಳಗಿನ ಸೆಖೆಗೆ ನಾನು ಕೋಟು ಶಾಲು ಕಳಚಿ ಬರೀ ಬನಿಯನ್ನಿನಲ್ಲಿ ಕೂತಿದ್ದೆ. ಅವರು ನನ್ನನ್ನು ನೋಡಿದರು, ಇನ್ನೊಮ್ಮೆ ನೋಡಿದರು, ಹಲಗೆಯ ಮೇಲೆ ನನ್ನ ಎರಡೂ ಕಡೆ ಉಳಿದಿದ್ದ ಜಾಗ ನೋಡಿದರು.

"ಎಷ್ಟು ದಿನದಿಂದ ವೀರಪ್ಪ?" ಅಂದರು.

"ಯುಗಾದಿಯಿಂದ ಯಜಮಾನ್ರೇ."

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ವಾಲಿದ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಹಂಗಾದ್ರೆ ಹುಳ?"

"ಹುಳ ಯಾರಿಗೂ ಇರ್ಲಿಲ್ಲ."

ಪಾಪ, ಅವರು ಆರು ಮಾತ್ರೆ ನುಂಗಿದ್ದರು. ಅಪ್ಪನ ವಿಷಯ, ಎದೆಯ ವಿಷಯ, ಡಾಕ್ಟರಮ್ಮ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕೈಮುಗಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯುವಷ್ಟು ಶಕ್ತಿ ಅವರಿಗಿರಲಿಲ್ಲ, ಅವರೂ ಬೆಳಗಿನಿಂದ ಉಪವಾಸ. ಈಗ ಈ ಹೋಳಿಗೆ ಎಲ್ಲಾ ತಿಂದುಬಿಡು, ಅಷ್ಟು ತೂಕ ಬಂದರೆ ಹಲಗೆ ಒಂದು ಮೊಳ ಇಳಿದೀತು ಎಂದರು. ಒಂದು ಹೋಳಿಗೆ ಎತ್ತಿ ಕೈ ಚಾಚಿದರು. ಚಾಚಿದ ಕೈ ನಡುವೆ ನಿಂತಿತು. ಗಂಟೆ ಹೊಡೆಯದೆ ಊಟ ಕೊಡುವುದು ಹೇಗೆ? ನಾನು ತಿನ್ನುವುದು ಹೇಗೆ? ತಿನ್ನದೆ ಗಂಟೆ ಹೊಡೆಯುವುದಿಲ್ಲ, ಗಂಟೆ ಹೊಡೆಯದೆ ತಿನ್ನುವಂತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ನಾವಿಬ್ಬರೂ ಕಣ್ಣಾರೆ ನೋಡುತ್ತ ಕೂತೆವು. ಹೋಳಿಗೆಯಿಂದ ತುಪ್ಪ ಯಜಮಾನರ ಮೊಣಕೈವರೆಗೆ ಇಳಿಯಿತು.

ಅಷ್ಟರಲ್ಲಿ ಮಲ್ಲಾಜಮ್ಮ ನನ್ನ ಅರ್ಧ ಮುದ್ದೆಯ ಬಟ್ಟಲು ಹಿಡಿದು ಬಂದಳು. ಕೆಳಗಿನ ಗದ್ದಲ ದಾಟಿಯೇ ಬಂದಿದ್ದಳು, ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಯಜಮಾನರ ಕೈಯಲ್ಲಿದ್ದ ಹೋಳಿಗೆ ನೋಡಿದಳು, ನನ್ನ ಮುಖ ನೋಡಿದಳು. ಬಟ್ಟಲನ್ನು ಚಪ್ಪಡಿಯ ಮೇಲಿಟ್ಟು, ನನಗೆ ಸಮನಾದ ಮೆಟ್ಟಿಲಿಗೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸ್ವಲ್ಪ ಜರುಗಿ" ಅಂದಳು.

ಮೊದಲಿನ ನಾನಾಗಿದ್ದರೆ ಜರುಗಲು ಜಾಗವೇ ಇರಲಿಲ್ಲ. ಜರುಗಿದೆ. ಅವಳು ಹಗ್ಗ ಹಿಡಿದು ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ನನ್ನ ಪಕ್ಕ ಕೂತಳು. ನಾಲ್ಕು ತಲೆಮಾರಿನಲ್ಲಿ ಹಲಗೆಯ ಮೇಲೆ ಇಬ್ಬರು ಕೂತದ್ದಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಮೇಲೆ ರಾಟೆ ಕಿರ್ರೆಂದಿತು. ಹಲಗೆ ಒಂದು ಮೊಳ ಜಾರಿ ಚಪ್ಪಡಿಗೆ ಸಮವಾಗಿ ನಿಂತಿತು. ಒಂದು ಗಂಟೆ ಹೊಡೆಯಿತು.

ಕೆಳಗೆ ಪೇಟೆಯ ಉದ್ದಕ್ಕೂ ಎಲೆಗೆ ಅನ್ನ ಬೀಳುವ ಸದ್ದು ಕೇಳಿಸಿತು. ಯಜಮಾನರು ಕೈಯಲ್ಲಿದ್ದ ಹೋಳಿಗೆಯನ್ನು ಕೂತಲ್ಲೇ ತಿಂದು, ಇನ್ನೊಂದು ತೆಗೆದುಕೊಂಡು, ಮೆಟ್ಟಿಲಿಳಿದು ಹೋದರು. ಮಲ್ಲಾಜಮ್ಮ ಅರ್ಧ ಮುದ್ದೆಯನ್ನು ಮತ್ತೆ ಅರ್ಧ ಮಾಡಿ ಒಂದು ತುಂಡು ನನಗೆ ಕೊಟ್ಟಳು. ಅದು ಕಾಲು ಮುದ್ದೆ. ಅವಳಿಗೆ ಹೋಳಿಗೆ ಇತ್ತು, ಅವಳು ಹೋಳಿಗೆ ಮುಟ್ಟಲಿಲ್ಲ, ನನ್ನ ಜೊತೆ ಸೊಪ್ಪಿನ ಸಾರಿಗೆ ಮುದ್ದೆ ಅದ್ದಿ ನುಂಗಿದಳು. ಇಪ್ಪತ್ತಾರು ವರ್ಷಕ್ಕೆ ಮೊದಲ ಮಧ್ಯಾಹ್ನದ ಊಟ. ನಾನು ತುತ್ತು ಬಾಯಲ್ಲಿಟ್ಟುಕೊಂಡು ನುಂಗದೆ ಕೂತೆ. ಮುದ್ದೆ ಒಣಗಿದೆ, ನೀರು ಕುಡೀರಿ ಎಂದಳು. ಮುದ್ದೆ ಒಣಗಿರಲಿಲ್ಲ.

ಆಮೇಲೆ ಸಭೆ ಸೇರಿತು. ಸೂರ್ಯನ ಮೇಲಿನ ಆರೋಪ ಹಿಂದಕ್ಕೆ ಪಡೆದರು. ಹಲಗೆಗೆ ಇನ್ನು ಮೇಲೆ ಗಂಡಹೆಂಡಿರಿಬ್ಬರೂ ಎಂದು ನಿರ್ಣಯವಾಯಿತು. ನನ್ನ ಪಥ್ಯಕ್ಕೆ ಊರು ಒಪ್ಪಿತು. ಸರದಿ ಮನೆಯ ಮಾನ ಉಳಿಯಬೇಕಲ್ಲ, ಚಪ್ಪಡಿಯ ಊಟವನ್ನು ಮಲ್ಲಾಜಮ್ಮ ಉಣ್ಣಬೇಕು ಎಂದೂ ಆಯಿತು. ಹಸುವನ್ನು ಕೇಳಿದವರಿಲ್ಲ. ನಾನೀಗ ಎಂಬತ್ತು ಕೆಜಿ. ಐವತ್ತೊಂದು ದಾಟಿ ಐವತ್ತೆರಡಕ್ಕೆ ಬಿದ್ದಿದ್ದೇನೆ. ಹಸಿವು ಈಗಲೂ ಹತ್ತೂವರೆಗೆ ಬರುತ್ತದೆ. ಇಬ್ಬರೂ ಬತ್ತಿ ಹೊಸೆಯುತ್ತ ಅವಳ ತವರಿನ ಸುದ್ದಿ ಮಾತಾಡುತ್ತೇವೆ. ಅವಳು ಇಪ್ಪತ್ತಾರು ವರ್ಷದ್ದನ್ನು ಬಾಕಿ ಉಳಿಸಿಕೊಂಡಿದ್ದಾಳೆ, ಮಾತಿಗೆ ಬರವಿಲ್ಲ. ಎಷ್ಟೋ ದಿನ ಹಸಿವು ಬಂದದ್ದು ಕಾಣದೆ ಒಂದು ಗಂಟೆ ಹೊಡೆದುಬಿಟ್ಟಿರುತ್ತದೆ.

ಈಗೊಂದು ಹೊಸ ತೊಡಕು ಬಂದಿದೆ. ದವಾಖಾನೆಯ ಮುಂದೆ ಮತ್ತೆ ಸಾಲು ನಿಂತಿದೆ. ಊಟದ ಹೊತ್ತಿಗೆ ಹಸಿವೇ ಆಗುತ್ತಿಲ್ಲ, ಒಂದು ಗಂಟೆಯಾದರೂ ತಿಂಡಿಯೇ ಕರಗಿರುವುದಿಲ್ಲ ಎಂದು ಎಲ್ಲರದೂ ದೂರು. ಡಾಕ್ಟರಮ್ಮ ಊರಿಗೆಲ್ಲ ಹಸಿವಿನ ಟಾನಿಕ್ ಬರೆದುಕೊಡುತ್ತಿದ್ದಾರೆ. ಕೈಗಡಿಯಾರವನ್ನು ಮತ್ತೆ ರಿಪೇರಿಗೆ ಕೊಟ್ಟಿದ್ದಾರಂತೆ, ಈ ಸಲ ಅದು ಹಿಂದೆ ಬೀಳುತ್ತಿದೆಯಂತೆ. ಯಜಮಾನರು ನಿನ್ನೆ ಮೆಟ್ಟಿಲಲ್ಲಿ ನನ್ನನ್ನು ತಡೆದು, ಏನು ವೀರಪ್ಪ, ಕದ್ದು ತಿನ್ನುತ್ತಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜ. ಹಾಗಾದರೆ ಗಡಿಯಾರ ಯಾಕೆ ಓಡುತ್ತಿದೆ ಎಂದರು.

ಕಾರಣ ನನಗೆ ಗೊತ್ತು. ನನ್ನ ಪಕ್ಕದಲ್ಲೇ ಕೂತು ದಿನಾ ಎರಡು ಹೋಳಿಗೆ ತಿನ್ನುತ್ತದೆ. ಹಲಗೆಯ ಮೇಲೆ ಈಗ ಜರುಗಬೇಕಾದವಳು ಅವಳು. ಆದರೆ ಇಪ್ಪತ್ತಾರು ವರ್ಷಕ್ಕೆ ಸಿಕ್ಕ ಪಂಕ್ತಿ ಅದು. ಗೊತ್ತಿಲ್ಲ ಯಜಮಾನ್ರೇ, ಮತ್ತೆ ಸೂರ್ಯನದೇ ಏನೋ ಇರಬೇಕು ಎಂದು ಹೇಳಿ ಮೆಟ್ಟಿಲು ಹತ್ತಿದೆ.